ಔಷಧದ ಡಬ್ಬಿಯೂ ಸರಕಾರದ ಪಟ್ಟಿಯೂ



ನಮ್ಮ ಕಾಫಿ, ಅಡಕೆ ತೋಟಗಳ ನಡುವೆ ಹರಿಯುವ ತುಂಗೆ, ಭದ್ರೆಯರು ಕೂಡಲಿಯಲ್ಲಿ ಒಂದಾಗಿ ಬಯಲುಸೀಮೆಗೆ ಇಳಿಯುತ್ತಾರೆ. ಸಿರುಗುಪ್ಪದ ಬತ್ತದ ಗದ್ದೆಗಳಿಗೂ ಕುರುಗೋಡಿನ ಮೆಣಸಿನಕಾಯಿ, ಹತ್ತಿ ಹೊಲಗಳಿಗೂ ತುಂಗಭದ್ರೆಯ ಕಾಲುವೆಗಳೇ ಆಧಾರ. ಬಳ್ಳಾರಿ ನಗರದವರು ಕುಡಿಯುವುದೂ ಆ ನೀರನ್ನೇ. ಆದುದರಿಂದ ಮೇಲೆ ನಾವು ಸಿಂಪಡಿಸುವ ಔಷಧವಾಗಲಿ, ಕೆಳಗೆ ಅವರು ಹೊಡೆಯುವ ಔಷಧವಾಗಲಿ ಒಬ್ಬರದೇ ವಿಚಾರವಲ್ಲ. ಬಳ್ಳಾರಿಯ ಅಂಗಡಿಯ ಡಬ್ಬಿಗೂ ನಮ್ಮ ಪೇಟೆಯ ಡಬ್ಬಿಗೂ ಕಾನೂನು ಒಂದೇ. "ಸರಕಾರದ ಪಟ್ಟಿಯಲ್ಲಿದೆ, ಭಯವಿಲ್ಲ" ಎನ್ನುವುದುಂಟು. ಆ ಪಟ್ಟಿ ಎಷ್ಟರಮಟ್ಟಿಗೆ ಭರವಸೆ ಕೊಡುತ್ತದೆ ಎಂಬುದನ್ನು ಇಲ್ಲಿ ವಿವರಿಸಬಯಸುತ್ತೇವೆ.

ಹಳೆಯದು ಮತ್ತು ಹೊಸದು

1968ರಲ್ಲಿ ಜಪಾನಿನಲ್ಲಿ ಅಕ್ಕಿ ತವುಡಿನ ಎಣ್ಣೆಗೆ ಪಿ.ಸಿ.ಬಿ. ಎಂಬ ರಾಸಾಯನಿಕ ಬೆರೆತು ಬಹಳ ಜನ ಕಾಯಿಲೆ ಬಿದ್ದರು. ಹೊಸ ರಾಸಾಯನಿಕವನ್ನು ತಯಾರಿಸುವ ಮುನ್ನವೇ ಪರೀಕ್ಷಿಸಬೇಕೆಂಬ ಕಾನೂನು ಅಲ್ಲಿ 1973ರಲ್ಲಿ ಬಂತು. ಅಮೆರಿಕ 1976ರಲ್ಲಿ ಕಾಯಿದೆ ಮಾಡಿ, ಆಗ ಬಳಕೆಯಲ್ಲಿದ್ದ ಸುಮಾರು 62,000 ವಸ್ತುಗಳ ಪಟ್ಟಿ ತಯಾರಿಸಿತು. ಯುರೋಪಿನಲ್ಲಿ 1981ರ ಸೆಪ್ಟೆಂಬರ್ 18ರವರೆಗೆ ಮಾರುಕಟ್ಟೆಗೆ ಬಂದಿದ್ದ ವಸ್ತುಗಳನ್ನು ಪಟ್ಟಿ ಮಾಡಿದಾಗ ಸಂಖ್ಯೆ ಒಂದು ಲಕ್ಷ ದಾಟಿತು.

ಪಟ್ಟಿಯಲ್ಲಿದ್ದುದು ಹಳೆಯ ವಸ್ತು, ಇಲ್ಲದ್ದು ಹೊಸ ವಸ್ತು. ಹೊಸದನ್ನು ತರುವವನು ಮೊದಲೇ ಸರಕಾರಕ್ಕೆ ತಿಳಿಸಬೇಕು. ಹಳೆಯದಕ್ಕೆ ಆ ತೊಡಕಿಲ್ಲ. ಒಂದು ಸಂಘದಲ್ಲಿ ಹಳಬರನ್ನೆಲ್ಲ ಪಹಣಿ ನೋಡದೆ ಸದಸ್ಯರೆಂದು ಬರೆದುಕೊಂಡು, ಹೊಸಬರಿಗೆ ಮಾತ್ರ ಕಾಗದಪತ್ರ ಕೇಳಿದಂತೆ! ಪಟ್ಟಿಯಲ್ಲಿ ಹೆಸರಿದ್ದರೆ ಅದು ಬಳಕೆಯಲ್ಲಿತ್ತು ಎಂದಷ್ಟೇ ಅರ್ಥ, ಪರೀಕ್ಷೆಯಾಗಿದೆ ಎಂದಲ್ಲ. ಈ ಕೊರತೆಯನ್ನು ನೀಗಲು ಯುರೋಪು 2007ರಲ್ಲಿ ಹಳೆಯದಕ್ಕೂ ಹೊಸದಕ್ಕೂ ಒಂದೇ ನಿಯಮ ತಂದಿತು. ಅಮೆರಿಕವೂ 2016ರಲ್ಲಿ ಕಾಯಿದೆ ತಿದ್ದಿ ಹಳೆಯ ವಸ್ತುಗಳ ಪರಿಶೀಲನೆಯನ್ನು ಕಡ್ಡಾಯ ಮಾಡಿತು.

ನಮ್ಮ ದೇಶದಲ್ಲಿ

1958ರಲ್ಲಿ ಕೇರಳದಲ್ಲಿ, ಗೋಧಿಯೊಂದಿಗೆ ಒಂದೇ ಹಡಗಿನಲ್ಲಿ ಸಾಗಿಸಿದ ಪ್ಯಾರಾಥಿಯಾನ್ ಕೀಟನಾಶಕ ಸೋರಿ, ಆಹಾರ ವಿಷವಾಗಿ ನೂರಕ್ಕೂ ಹೆಚ್ಚು ಜನ ಸತ್ತರು. ತರುವಾಯ 1968ರಲ್ಲಿ ಕೀಟನಾಶಕಗಳ ಕಾಯಿದೆಯಾಗಿ, 1971ರಲ್ಲಿ ಜಾರಿಗೆ ಬಂತು. ಕಾಯಿದೆಯ ಅನುಸೂಚಿಯಲ್ಲಿ ಕೀಟನಾಶಕಗಳ ಹೆಸರುಗಳಿವೆ. ಆದರೆ ಅಲ್ಲಿ ಹೆಸರಿದ್ದ ಮಾತ್ರಕ್ಕೆ ಮಾರುವಂತಿಲ್ಲ. ನೋಂದಣಿ ಸಮಿತಿಯಲ್ಲಿ ನೋಂದಣಿಯಾಗಬೇಕು.

ಕಾಯಿದೆ ಬರುವ ಮೊದಲೇ ವ್ಯಾಪಾರದಲ್ಲಿದ್ದವರು ಗೊತ್ತಾದ ಅವಧಿಯೊಳಗೆ ಅರ್ಜಿ ಹಾಕಿ, ತೀರ್ಮಾನವಾಗುವವರೆಗೆ ವ್ಯಾಪಾರ ಮುಂದುವರಿಸಬಹುದಾಗಿತ್ತು. ದೇಶಕ್ಕೆ ಮೊದಲ ಬಾರಿ ಬರುವ ಔಷಧಕ್ಕೆ ಎರಡು ವರ್ಷದ ತಾತ್ಕಾಲಿಕ ನೋಂದಣಿ ಕೊಡಲು ಅವಕಾಶವಿದೆ. ಒಬ್ಬರ ಹೆಸರಿನಲ್ಲಿ ನೋಂದಣಿಯಾದ ಔಷಧಕ್ಕೆ ಇನ್ನೊಬ್ಬರೂ ಅದೇ ಷರತ್ತುಗಳ ಮೇಲೆ ನೋಂದಣಿ ಪಡೆಯಬಹುದು. ಒಂದೇ ಔಷಧ ಹಲವು ಹೆಸರಿನಲ್ಲಿ ಅಂಗಡಿಯಲ್ಲಿರುವುದು ಹೀಗೆ.

ನಮ್ಮದೇ ಅನುಭವ

ಕಾಫಿ ಗಿಡದ ಬಿಳಿ ಕಾಂಡಕೊರಕಕ್ಕೆ ಲಿಂಡೇನ್ ಬಳಿಯುತ್ತಿದ್ದುದನ್ನು ಹಿರಿಯ ಬೆಳೆಗಾರರು ಮರೆತಿರಲಾರರು. ಅದರ ತಯಾರಿಕೆ 2011ರಲ್ಲೂ ಬಳಕೆ 2013ರಲ್ಲೂ ನಿಷೇಧವಾಯಿತು. ಬಿ.ಎಚ್.ಸಿ. 1997ರಲ್ಲೇ ಹೋಗಿತ್ತು. ಕಾಸರಗೋಡಿನ ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೂಡ ನೋಂದಣಿಯಾದ ಔಷಧವೇ. ಅಲ್ಲಿಯ ನಮ್ಮ ಕನ್ನಡ, ಮಲಯಾಳ, ತುಳು ಮನೆಗಳ ಮಕ್ಕಳ ಸ್ಥಿತಿ ಲೋಕಕ್ಕೇ ಗೊತ್ತು. 2011ರ ಮೇ 13ರಂದು ಸುಪ್ರೀಂ ಕೋರ್ಟು ಅದನ್ನು ತಡೆಯಿತು. ಈ ಹೆಸರುಗಳೆಲ್ಲ ಒಂದು ಕಾಲಕ್ಕೆ ಪಟ್ಟಿಯಲ್ಲಿದ್ದವೇ.

ಹಾಗೆಂದು ಹಳೆಯದೆಲ್ಲ ಕೆಟ್ಟದ್ದೆಂದಲ್ಲ. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣ ಇಂದಿಗೂ ಅಡಕೆಯ ಕೊಳೆರೋಗಕ್ಕೆ ನಮ್ಮ ಆಸರೆ. ಆದರೆ ತಾಮ್ರ ಮಣ್ಣಿನಲ್ಲಿ ಉಳಿಯುತ್ತದೆ, ಹೊಳೆಯ ಮೀನಿಗೆ ವಿಷ. ಮಿಕ್ಕಿದ ದ್ರಾವಣವನ್ನು ಹಳ್ಳಕ್ಕೆ ಚೆಲ್ಲುವುದು ತರವಲ್ಲ.

ಕಾಫಿ ಬೆಳೆಗಾರರು ಇನ್ನೊಂದು ಮಾತು ಗಮನಿಸಬೇಕು. ಕೊಳ್ಳುವ ದೇಶಗಳ ಪಟ್ಟಿಯೇ ಬೇರೆ. ಯುರೋಪು 2020ರಲ್ಲಿ ಕ್ಲೋರ್‌ಪೈರಿಫಾಸ್‌ಗೆ ಒಪ್ಪಿಗೆ ನಿಲ್ಲಿಸಿತು. ಅದರ ಉಳಿಕೆಗೆ ಅಲ್ಲಿಯ ಮಿತಿಯೂ ತೀರಾ ಕೆಳಗಿಳಿಯಿತು. ಇಲ್ಲಿ ಕಾನೂನುಬದ್ಧವಾಗಿ ಹೊಡೆದ ಔಷಧವೂ ಅಲ್ಲಿ ನಮ್ಮ ಮೂಟೆಯನ್ನು ತಿರಸ್ಕಾರಕ್ಕೆ ಗುರಿಮಾಡಬಹುದು.

ಡಬ್ಬಿ ಕೊಳ್ಳುವಾಗ

1. ನೋಂದಣಿ ಸಂಖ್ಯೆ, ತಯಾರಿಕೆಯ ದಿನಾಂಕ, ಅವಧಿ ಮುಗಿಯುವ ದಿನಾಂಕ ನೋಡಿರಿ.

2. ಚೀಟಿಯಲ್ಲಿ ನಿಮ್ಮ ಬೆಳೆಯ ಹೆಸರಿದೆಯೇ ನೋಡಿರಿ. ಸಿರುಗುಪ್ಪದ ಬತ್ತಕ್ಕೆ ಒಪ್ಪಿಗೆಯಾದದ್ದು ಅಡಕೆಗೆ ಒಪ್ಪಿಗೆಯಾಗಿರಬೇಕೆಂದಿಲ್ಲ.

3. ಬಣ್ಣ ಗಮನಿಸಿರಿ. ಕೆಂಪು ಅತ್ಯಂತ ವಿಷ. ನಂತರ ಹಳದಿ, ನೀಲಿ, ಹಸಿರು. ಹಸಿರೆಂದರೆ ವಿಷವೇ ಇಲ್ಲವೆಂದಲ್ಲ.

4. ಬಿಡಿಯಾಗಿ ಬಾಟಲಿಗೆ ಸುರಿದು ಕೊಟ್ಟ ಔಷಧ ಬೇಡ. ರಸೀದಿ ಕೇಳಿ ಪಡೆಯಿರಿ, ಜೋಪಾನವಾಗಿಡಿರಿ.

ಪಟ್ಟಿ ಮಾಡುವುದು ಸರಕಾರದ ಕೆಲಸ. ಚೀಟಿ ಓದುವುದು ನಮ್ಮ ಕೆಲಸ. ಓದಲು ಬಾರದ ಆಳುಗಳಿಗೆ ಓದಿ ಹೇಳುವುದೂ ನಮ್ಮದೇ ಹೊಣೆ, ಏಕೆಂದರೆ ಪಂಪು ಹೊರುವ ಬೆನ್ನು ಅವರದು.