ಸೂಜಿಮೊನೆಯಷ್ಟು ಗಾಯ

ಕೋಲಾರವನ್ನು ದಾಟಿ ಮುಳಬಾಗಿಲಿನತ್ತ ಹೆದ್ದಾರಿಯಲ್ಲಿ ಸಾಗುವವರ ಕಣ್ಣಿಗೆ ಎರಡು ಬಗೆಯ ಬೋರ್ಡುಗಳು ತಪ್ಪದೆ ಬೀಳುತ್ತವೆ. ಮೊದಲನೆಯದು ಮುಳಬಾಗಿಲು ದೋಸೆಯದು. ಅದರ ವಿಷಯವಾಗಿ ಬರೆಯುವುದು ಸುಖದ ಕೆಲಸ, ಆದರೆ ಇಂದಿನ ವಿಷಯ ಅದಲ್ಲ. ಎರಡನೆಯದು ಲಾರಿ ತೊಳೆಯುವ ಅಂಗಡಿಗಳದು. ಅಲ್ಲಿ ಮೊಣಕಾಲಿನವರೆಗೆ ಷರಾಯಿ ಮಡಿಸಿದ ತರುಣನೊಬ್ಬ ಬಂದೂಕಿನಂಥ ಸಾಧನವನ್ನು ಹಿಡಿದು, ಹೊಗೆಯಾಡುವ ನೀರಿನ ಧಾರೆಯನ್ನು ಲಾರಿಯ ಅಡಿಗೆ ಬಿಡುತ್ತಿರುತ್ತಾನೆ. ತಿಂಗಳುಗಟ್ಟಲೆ ಮೆತ್ತಿಕೊಂಡಿದ್ದ ಗ್ರೀಸು, ಕೆಸರು ಎರಡೂ ಕರಗಿ ಕೆಳಗಿಳಿಯುತ್ತವೆ. ಎಣ್ಣೆ ಹತ್ತಿದ ಬಾಣಲೆಗೆ ಬಿಸಿನೀರೇ ಬೇಕು ಎಂಬುದು ಪ್ರತಿಯೊಬ್ಬ ಗೃಹಿಣಿಗೂ ತಿಳಿದ ಸಂಗತಿಯಲ್ಲವೆ? ಇಲ್ಲಿ ಬಿಸಿಯೊಂದಿಗೆ ಪಂಪಿನ ಒತ್ತಡವೂ ಸೇರಿರುತ್ತದೆ, ಅಷ್ಟೆ.

ನೋಡುವವರಿಗೆ ಇದು ಮಕ್ಕಳ ಪಿಚಕಾರಿಯ ಆಟದಂತೆ ಕಾಣಬಹುದು. ಆದರೆ ಆ ಧಾರೆಯ ಎದುರಿಗೆ ಒಂದು ಕ್ಷಣ ಬೆರಳು ಹಿಡಿದರೆ, ಆ ಬೆರಳನ್ನೇ ಕಳೆದುಕೊಳ್ಳುವ ಸಂಭವವುಂಟು.

ನಾಲ್ಕು ಊರು, ಒಂದೇ ಶಕ್ತಿ

ಈ ಶಕ್ತಿ ಕೋಲಾರ ಜಿಲ್ಲೆಯಲ್ಲಿ ನಾನಾ ವೇಷಗಳಲ್ಲಿ ಕೆಲಸ ಮಾಡುತ್ತದೆ. ಮಾವಿನ ಊರೆಂದು ಹೆಸರಾದ ಶ್ರೀನಿವಾಸಪುರದಲ್ಲಿ ಮರಗಳು ಹೂ ಬಿಡುವ ಕಾಲಕ್ಕೆ ಜಿಗಿಹುಳುವಿಗೂ ಬೂದಿರೋಗಕ್ಕೂ ಔಷಧಿ ಹೊಡೆಯಬೇಕು. ಎತ್ತರದ ಮರದ ನೆತ್ತಿಯನ್ನು ಮುಟ್ಟಲು ಬೆನ್ನಿಗೆ ಕಟ್ಟುವ ಕೈಪಂಪು ಸಾಲದು. ಟ್ರಾಕ್ಟರಿನಿಂದ ಓಡುವ ಪಂಪು ಬೇಕು. ಅಲ್ಲಿ ಬಿಸಿಯಿಲ್ಲ, ಒತ್ತಡವೊಂದೇ ಇರುವುದು. ಕೋಲಾರದ ಸಮೀಪದ ನರಸಾಪುರದಲ್ಲಿ 2013ರಲ್ಲಿ ಹೋಂಡಾ ಕಂಪನಿಯ ದ್ವಿಚಕ್ರ ವಾಹನಗಳ ಕಾರ್ಖಾನೆ ಆರಂಭವಾಯಿತು. ಹೆಂಚು, ಇಟ್ಟಿಗೆಗಳಿಗೆ ಪ್ರಸಿದ್ಧವಾದ ಮಾಲೂರಿನಲ್ಲಿಯೂ ಕೈಗಾರಿಕಾ ಪ್ರದೇಶ ಬೆಳೆದಿದೆ. ಕಾರ್ಖಾನೆಗಳು ಬಂದಲ್ಲಿ ಬಣ್ಣ ಎರಚುವ ಯಂತ್ರಗಳೂ ಬರುತ್ತವೆ. ದಪ್ಪನೆಯ ಬಣ್ಣವನ್ನು ಬಿಸಿ ಮಾಡಿದರೆ ಅದು ತೆಳುವಾಗಿ ಸುಲಭವಾಗಿ ಹರಿಯುತ್ತದೆ. ಥಿನ್ನರ್ ಕಡಿಮೆ ಸಾಕಾಗುತ್ತದೆ.

ಇನ್ನು, ಹಣ್ಣು ತರಕಾರಿಗಳ ಶೀತಲಗೃಹಗಳ ಗೋಡೆಗೆ ಶಾಖನಿರೋಧಕ ನೊರೆಯನ್ನು ಎರಚುವ ಯಂತ್ರವೂ ಒಂದುಂಟು. ಅದು ಎರಡು ದ್ರವಗಳನ್ನು 50-60 ಡಿಗ್ರಿಯವರೆಗೆ ಕಾಯಿಸಿ, ಗನ್ನಿನ ಬಾಯಲ್ಲಿ ಒಂದುಗೂಡಿಸಿ ಹೊರದೂಡುತ್ತದೆ. ಅವುಗಳಲ್ಲಿ ಒಂದಾದ ಐಸೊಸಯನೇಟ್ ಉಸಿರಿನೊಡನೆ ಒಳಹೊಕ್ಕರೆ ಆಸ್ತಮಾ ಬರಿಸಬಲ್ಲದು. ಆದುದರಿಂದ ಅಲ್ಲಿ ಮೂಗಿಗೆ ಕಟ್ಟಿದ ಕರವಸ್ತ್ರ ಯಾವ ಪ್ರಯೋಜನಕ್ಕೂ ಬಾರದು. ತಕ್ಕ ಮುಖವಾಡವೇ ಬೇಕು.

ಕುಕ್ಕರಿನಿಂದ ಅಳೆಯೋಣ

ಈ ಒತ್ತಡವೆಂದರೆ ಎಷ್ಟು? ನಮ್ಮ ಅಡುಗೆಮನೆಯ ಕುಕ್ಕರ್ ಸೀಟಿ ಹಾಕುವಾಗ ಒಳಗಿರುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ. ಕಾರಿನ ಟೈರಿನಲ್ಲಿ 2, ಲಾರಿಯ ಟೈರಿನಲ್ಲಿ 8. ಮಾವಿನ ತೋಪಿನ ಪಂಪಿನಲ್ಲಿ 20ರಿಂದ 40. ಬಿಸಿನೀರಿನ ಯಂತ್ರದಲ್ಲಿ 100ರಿಂದ 200. ಗಾಳಿಯ ನೆರವಿಲ್ಲದೆ ಬಣ್ಣ ಎರಚುವ ಯಂತ್ರದಲ್ಲಿ 200ನ್ನು ದಾಟುವುದೂ ಉಂಟು. ಮನುಷ್ಯನ ಚರ್ಮವನ್ನು ಭೇದಿಸಲು ಸುಮಾರು 7 ಕಿಲೋ ಒತ್ತಡದ ಸೂಕ್ಷ್ಮ ಧಾರೆ ಸಾಕು! ಉಳಿದ ಲೆಕ್ಕವನ್ನು ಓದುಗರೇ ಹಾಕಿಕೊಳ್ಳಬಹುದು.

ಮೋಸ ಮಾಡುವ ಗಾಯ

ಅಮೆರಿಕದ ವೈದ್ಯಪತ್ರಿಕೆಯೊಂದರಲ್ಲಿ 1937ರಲ್ಲಿಯೇ ಇಂಥ ಗಾಯದ ವರದಿ ಪ್ರಕಟವಾಯಿತು. ಆಗ ಒಳಹೊಕ್ಕಿದ್ದುದು ಡೀಸೆಲ್ ಯಂತ್ರದ ಎಣ್ಣೆ. ಅಂದಿನಿಂದ ವೈದ್ಯರು ಕಂಡ ಪ್ರಕರಣಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ. ಗನ್ನಿನ ಬಾಯಿ ಕಟ್ಟಿಕೊಳ್ಳುತ್ತದೆ. ಕೆಲಸಗಾರ ಬಲಗೈಯಲ್ಲಿ ಗನ್ ಹಿಡಿದೇ ಎಡಗೈಯ ತೋರುಬೆರಳಿನಿಂದ ಅದನ್ನು ಒರೆಸಲು ಹೋಗುತ್ತಾನೆ. ಚುರುಕ್ಕೆಂದಂತಾಗುತ್ತದೆ. ನೋಡಿದರೆ ಸೂಜಿಮೊನೆಯಷ್ಟು ರಂಧ್ರ. ರಕ್ತವೂ ಹೆಚ್ಚಿಲ್ಲ, ನೋವೂ ಹೆಚ್ಚಿಲ್ಲ. ಬಟ್ಟೆಯ ಚೂರೊಂದನ್ನು ಸುತ್ತಿ ಕೆಲಸ ಮುಂದುವರಿಸುತ್ತಾನೆ. ರಾತ್ರಿಯ ಹೊತ್ತಿಗೆ ಬೆರಳು ಬಾತು ಬಿಗಿಯುತ್ತದೆ, ಬೆಳಗಾಗುವುದರೊಳಗೆ ಬಣ್ಣಗೆಡುತ್ತದೆ. ಒಳಹೊಕ್ಕ ಬಣ್ಣ ಅಥವಾ ಥಿನ್ನರ್ ಬೆರಳಿನ ನರನಾಡಿಗಳ ಗುಂಟ ಅಂಗೈಯವರೆಗೂ ಹರಿದು ಮಾಂಸವನ್ನು ಕೊಲ್ಲುತ್ತಿರುತ್ತದೆ.

ಹೀಗೆ ಗಾಯಗೊಂಡವರಲ್ಲಿ ಸುಮಾರು ನೂರಕ್ಕೆ 30 ಮಂದಿ ಬೆರಳನ್ನೋ ಅದರ ಭಾಗವನ್ನೋ ಕಳೆದುಕೊಂಡರೆಂದು ವೈದ್ಯಕೀಯ ಸಮೀಕ್ಷೆಗಳು ಹೇಳುತ್ತವೆ. ಥಿನ್ನರಿನಂಥ ದ್ರವ ಹೊಕ್ಕಿದ್ದರೆ ಅಪಾಯ ಇನ್ನೂ ಅಧಿಕ. ಆರು ಗಂಟೆಗಳೊಳಗೆ ಶಸ್ತ್ರಚಿಕಿತ್ಸೆಯಿಂದ ಅದನ್ನು ಹೊರತೆಗೆದರೆ ಬೆರಳು ಉಳಿಯುವ ಆಸೆ ಹೆಚ್ಚು. ಮುಳಬಾಗಿಲು, ಮಾಲೂರು, ಶ್ರೀನಿವಾಸಪುರಗಳಿಂದ ಕೋಲಾರಕ್ಕೆ ಇರುವ ದೂರ ಇಪ್ಪತ್ತೈದು ಮೂವತ್ತು ಕಿಲೋಮೀಟರ್ ಮಾತ್ರ. ಅಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ಟಮಕದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಬೆರಳನ್ನು ಕಳೆಯುವುದು ದಾರಿಯ ದೂರವಲ್ಲ, “ಬೆಳಿಗ್ಗೆ ನೋಡೋಣ” ಎಂಬ ಮಾತು.

ಗಾಯಗೊಂಡವನು ಬೆರಳನ್ನು ಹಿಂಡಬಾರದು. ಉಂಗುರವನ್ನು ತೆಗೆದು, ಕೈಯನ್ನು ಮೇಲಕ್ಕೆತ್ತಿ ಹಿಡಿದು ಹೊರಡಬೇಕು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದುದರಿಂದ ದಾರಿಯಲ್ಲಿ ಏನನ್ನೂ ತಿನ್ನದಿರುವುದು ಮೇಲು. ಬಣ್ಣದ ಅಥವಾ ಔಷಧಿಯ ಡಬ್ಬಿಯ ಮೇಲಿನ ಚೀಟಿಯನ್ನು ಜೊತೆಗೆ ಒಯ್ಯಬೇಕು. “ಏನೋ ಚುಚ್ಚಿತು” ಎನ್ನದೆ, “ಯಂತ್ರದ ಒತ್ತಡದಿಂದ ಇಂಥ ದ್ರವ ಒಳಹೊಕ್ಕಿದೆ” ಎಂದೇ ವೈದ್ಯರಿಗೆ ತಿಳಿಸಬೇಕು. ಧನುರ್ವಾತದ ಚುಚ್ಚುಮದ್ದೊಂದನ್ನೇ ಪಡೆದು ಮರಳಿದರೆ ಸಾಲದು.

ಬಿಸಿಯ ಪಾಲು

ಒತ್ತಡದಲ್ಲಿರುವ ನೀರು 100 ಡಿಗ್ರಿಯನ್ನು ದಾಟಿಯೂ ಕುದಿಯದೆ ಇರಬಲ್ಲದು. ಕೊಳವೆ ಬಿರಿದರೆ ಅದೇ ನೀರು ಕ್ಷಣಾರ್ಧದಲ್ಲಿ ಆವಿಯಾಗಿ ಸಿಡಿಯುತ್ತದೆ. ಗನ್ ಮುಚ್ಚಿ ನೀರಿನ ಹರಿವು ನಿಂತಾಗ ಬರ್ನರ್ ತಾನಾಗಿ ಆರುವಂತೆ ಒಳ್ಳೆಯ ಯಂತ್ರಗಳಲ್ಲಿ ಏರ್ಪಾಡಿರುತ್ತದೆ. ಒತ್ತಡ ಮೀರಿದರೆ ಹೊರಬಿಡುವ ವಾಲ್ವೂ ಇರುತ್ತದೆ. “ಪದೇ ಪದೇ ನಿಲ್ಲುತ್ತದೆ” ಎಂದು ಬೇಸತ್ತು ಅವುಗಳನ್ನು ತಂತಿ ಕಟ್ಟಿ ನಿಷ್ಕ್ರಿಯಗೊಳಿಸುವುದು, ಕುಕ್ಕರಿನ ತೂಕದ ಮೇಲೆ ರುಬ್ಬುಗುಂಡನ್ನು ಇಟ್ಟಂತೆ. ಬಿಸಿನೀರು ಬಿದ್ದು ಮೈ ಸುಟ್ಟರೆ ಇಪ್ಪತ್ತು ನಿಮಿಷ ತಣ್ಣೀರಿನ ಧಾರೆಯ ಕೆಳಗೆ ಹಿಡಿಯಬೇಕು; ಶಾಯಿಯನ್ನಾಗಲಿ ಹಲ್ಲುಜ್ಜುವ ಪೇಸ್ಟನ್ನಾಗಲಿ ಹಚ್ಚಬಾರದು.

ಕಲಿಯಬೇಕಾದುದು ಇಷ್ಟೇ

ಯಂತ್ರ ನಿಂತಿತು ಎಂದರೆ ಒತ್ತಡ ಇಳಿಯಿತು ಎಂದು ಅರ್ಥವಲ್ಲ. ಸ್ವಿಚ್ಚು ಆರಿಸಿದ ಮೇಲೂ ಕೊಳವೆಯಲ್ಲಿ ಆ ಶಕ್ತಿ ಅಡಗಿಯೇ ಇರುತ್ತದೆ. ಆದುದರಿಂದ ಬಾಯಿಯನ್ನು ಬಿಚ್ಚುವ ಮುನ್ನ ಯಂತ್ರವನ್ನು ನಿಲ್ಲಿಸಿ, ಕಾವು ಇಳಿಯಲು ಬಿಟ್ಟು, ಗನ್ನನ್ನು ಬಕೆಟ್ಟಿನೊಳಕ್ಕೆ ತಿರುಗಿಸಿ ಉಳಿದ ಒತ್ತಡವನ್ನು ಹೊರಬಿಟ್ಟು, ಟ್ರಿಗರಿಗೆ ಬೀಗ ಹಾಕಬೇಕು. ಕೊಳವೆ ಸೋರುತ್ತಿದೆಯೇ ಎಂದು ಕೈಯಿಂದ ತಡವಿ ನೋಡಬಾರದು. ರಟ್ಟಿನ ಚೂರನ್ನು ಹಿಡಿದು ಪರೀಕ್ಷಿಸಬೇಕು. ಸವೆದ ಕೊಳವೆಗೆ ಟೇಪು ಸುತ್ತುವ ಜಾಣತನ ಸಲ್ಲದು. ಬಣ್ಣ ಎರಚುವಲ್ಲಿ ಯಂತ್ರಕ್ಕೂ ವಸ್ತುವಿಗೂ ಅರ್ತಿಂಗ್ ಇರಬೇಕು. ಇಲ್ಲವಾದರೆ ಧಾರೆಯಲ್ಲಿ ಹುಟ್ಟುವ ವಿದ್ಯುತ್ತಿನ ಒಂದು ಕಿಡಿ ಥಿನ್ನರಿನ ಆವಿಗೆ ಬೆಂಕಿ ಹಚ್ಚೀತು. ಕನ್ನಡಕ, ಬೂಟು, ಕೈಗವಸು ಎಲ್ಲವೂ ಬೇಕು. ಆದರೆ ಕೈಗವಸು ಆ ಧಾರೆಯನ್ನು ತಡೆಯಲಾರದೆಂಬುದನ್ನು ಮರೆಯಬಾರದು.

ಒತ್ತಡದ ಯಂತ್ರಗಳು ಮಿತಿಯನ್ನು ಮೀರದಂತೆ ನೋಡಿಕೊಳ್ಳಬೇಕೆಂದು 1948ರ ಕಾರ್ಖಾನೆಗಳ ಕಾಯ್ದೆಯೇ ವಿಧಿಸಿತ್ತು. ಆದರೆ ರಸ್ತೆಬದಿಯ ಇಬ್ಬರು ಮೂವರ ಅಂಗಡಿಗೂ ಮಾವಿನ ತೋಪಿಗೂ ಅಂಥ ಕಾಯ್ದೆಯ ಕೈ ಎಟುಕಲಿಲ್ಲ. ಅಲ್ಲಿ ಯಜಮಾನನ ಎಚ್ಚರಿಕೆಯೇ ಕಾಯ್ದೆ.

ಮನೆಗೆ ಬಣ್ಣ ಬಳಿಯಲೋ ಕಾರು ತೊಳೆಯಲೋ ಇಂಥ ಯಂತ್ರದೊಡನೆ ಬಂದ ಹುಡುಗನನ್ನು ಕಂಡಾಗ ನಾವೂ ಒಂದು ಮಾತು ಹೇಳಬಹುದು. ನಮ್ಮ ಮನೆಗಳಲ್ಲಿ ಒಲೆ ಆರಿಸಿದೊಡನೆ ಯಾರೂ ಕುಕ್ಕರಿನ ಮುಚ್ಚಳಕ್ಕೆ ಕೈ ಹಾಕುವುದಿಲ್ಲ. ಆವಿ ಇಳಿಯಲೆಂದು ಕಾಯುತ್ತಾರೆ. ಅನ್ನಕ್ಕಾಗಿ ನಾವು ತೋರುವ ಆ ಐದು ನಿಮಿಷದ ತಾಳ್ಮೆಯನ್ನು ಅವನು ತನ್ನ ಹತ್ತು ಬೆರಳುಗಳಿಗಾಗಿ ತೋರಿದರೆ ಸಾಕು.