ಕಾದ ಎಂಜಿನ್ನು

ಕಲಾವಿಭಾಗದ ವಿದ್ಯಾರ್ಥಿಯೊಬ್ಬನು ಮೋಟಾರಿನ ಎಂಜಿನ್ನನ್ನು ಕುರಿತು ಬರೆಯಹೊರಟುದು ಮಿತ್ರರಿಗೆ ವಿನೋದವಾಗಿ ತೋರಬಹುದು. ಆದರೆ ತೀರ್ಥಹಳ್ಳಿಯಲ್ಲಿ ನಮ್ಮ ತಂದೆಯವರದೊಂದು ಚಿಕ್ಕ ಗ್ಯಾರೇಜಿದೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಫೀಜು ಬಂದದ್ದು ಆ ಗ್ಯಾರೇಜಿನಿಂದ. ಆಗುಂಬೆ ಘಾಟಿಯ 14 ತಿರುವುಗಳನ್ನು ಹತ್ತಿ ಕಾದುಬಂದ ಕಾರುಗಳನ್ನು ಬಾಲ್ಯದಿಂದ ನೋಡಿದ್ದೇನೆ.

ಎಂಜಿನ್ನಿನೊಳಗೆ ಉರಿಯುವ ಅನಿಲದ ಉಷ್ಣತೆ 2000 ಡಿಗ್ರಿ ಸೆಂಟಿಗ್ರೇಡನ್ನು ಮೀರುತ್ತದೆ. ಅದರ ಮೇಲ್ಭಾಗವಾದ ಹೆಡ್ಡು ಈಗಿನ ಬಹುತೇಕ ಕಾರುಗಳಲ್ಲಿ ಅಲ್ಯೂಮಿನಿಯಂ ಮಿಶ್ರಲೋಹದ್ದು. ಅಲ್ಯೂಮಿನಿಯಮ್ಮಾದರೋ 660 ಡಿಗ್ರಿಯಲ್ಲಿಯೇ ಕರಗುತ್ತದೆ. ಆದರೂ ಅದು ಉಳಿಯುವುದು ಸುತ್ತ ಹರಿಯುವ ನೀರು ಶಾಖವನ್ನು ಹೊತ್ತೊಯ್ಯುವುದರಿಂದ. ಪಂಪು ನೀರನ್ನು ತಳ್ಳುತ್ತದೆ, ರೇಡಿಯೇಟರಿನ ಕೊಳವೆಗಳಲ್ಲಿ ಅದು ಆರುತ್ತದೆ, ಫ್ಯಾನು ಗಾಳಿ ಹಾಯಿಸುತ್ತದೆ. ನಡುವೆ ಥರ್ಮೋಸ್ಟಾಟ್ ಎಂಬ ಬಾಗಿಲು. ಸುಮಾರು 82ರಿಂದ 90 ಡಿಗ್ರಿಯಲ್ಲಿ ಅದರೊಳಗಿನ ಮೇಣ ಕರಗಿ ಹಿಗ್ಗಿದಾಗ ಬಾಗಿಲು ತೆರೆಯುತ್ತದೆ.

ಹೀಗಿರಲು, ಕಾರು ಕಾದಿತೆಂದ ಕೂಡಲೇ ರೇಡಿಯೇಟರನ್ನು ಬದಲಿಸುವುದು ಎಲ್ಲ ಜ್ವರಕ್ಕೂ ಒಂದೇ ಕಷಾಯ ಕುಡಿಸಿದಂತೆ. ತಂದೆಯವರು ಬಾನೆಟ್ಟು ತೆರೆಯುವ ಮೊದಲು ಕೇಳುವುದಿಷ್ಟು: "ಯಾವಾಗ ಕಾಯ್ತು ಮಾರಾಯ್ರೇ? ನಿಂತಾಗಲೋ, ಓಡುವಾಗಲೋ?" ಪೇಟೆಯ ಸಂದಣಿಯಲ್ಲಿ ಕಾದು ಬಯಲು ರಸ್ತೆಯಲ್ಲಿ ಆರಿದರೆ ಫ್ಯಾನಿನ ಮೇಲೆ ಸಂಶಯ; ಓಡುವಾಗ ಗಾಳಿ ತಾನಾಗಿಯೇ ಬರುತ್ತದೆಯಷ್ಟೆ. ಆಗ ಫ್ಯಾನಿನ ಫ್ಯೂಸು, ರಿಲೇ, ಮೋಟಾರುಗಳನ್ನು ನೋಡಬೇಕು. ಏರಿನಲ್ಲಿ ಮಾತ್ರ ಕಾದರೆ ಪಂಪು ಸೋತಿರಬಹುದು, ಇಲ್ಲವೆ ರೇಡಿಯೇಟರು ಕಟ್ಟಿಕೊಂಡಿರಬಹುದು. ಬಯಲುಸೀಮೆಯ ಗಡಸು ನೀರು ತುಂಬಿದ ರೇಡಿಯೇಟರಿನಲ್ಲಿ ಬಚ್ಚಲ ಹಂಡೆಯೊಳಗಿನಂತೆಯೇ ಸುಣ್ಣ ಪದರಗಟ್ಟುತ್ತದೆ. ಹೊರಟ ಕೆಲವೇ ನಿಮಿಷಗಳಲ್ಲಿ ಎಂಜಿನ್ನು ಕಾದು, ರೇಡಿಯೇಟರು ತಣ್ಣಗೇ ಇದ್ದರೆ ಥರ್ಮೋಸ್ಟಾಟು ತೆರೆದಿರಲಾರದು; ಬಿಚ್ಚಿ ಪಾತ್ರೆಯ ನೀರಿನಲ್ಲಿ ಕಾಯಿಸಿ ನೋಡಿದರೆ ತಿಳಿದುಹೋಗುತ್ತದೆ. ತರ್ಕಶಾಸ್ತ್ರದ ತರಗತಿಯಲ್ಲಿ ಅನ್ವಯ-ವ್ಯತಿರೇಕಗಳ ಮಾತು ಬಂದಾಗ ನನಗೆ ನೆನಪಾದದ್ದು ಏಳನೆಯ ತರಗತಿಗೇ ಶಾಲೆ ಬಿಟ್ಟ ತಂದೆಯವರ ಈ ಪ್ರಶ್ನೆ.

ನೀರು ಹೊರಗೆಲ್ಲೂ ಸೋರದೆ ಕಡಿಮೆಯಾಗುತ್ತಿದ್ದರೆ ಮಾತ್ರ ಹೆದರಬೇಕು. ಹೆಡ್ ಗ್ಯಾಸ್ಕೆಟ್ಟು ಹೋಗಿ ನೀರು ಒಳಗೆ ಸೇರುತ್ತಿರಬಹುದು: ಸೈಲೆನ್ಸರಿನಿಂದ ಬಿಳಿಯ ಹೊಗೆ, ಆಯಿಲು ಅಳೆಯುವ ಕಡ್ಡಿಯ ಮೇಲೆ ಮಜ್ಜಿಗೆಯಂಥ ಲೋಳೆ. "ಇನ್ನು ಹತ್ತೇ ಕಿಲೋಮೀಟರು" ಎಂದು ಕಾದ ಕಾರನ್ನು ಓಡಿಸಿದರೆ ಹೆಡ್ಡೇ ಬಾಗಿಹೋಗುತ್ತದೆ. ಬಾಡಿಗೆ ಕಾರನ್ನು ನಂಬಿ ಬದುಕುವವನಿಗೆ ಆ ದುರಸ್ತಿಯೆಂದರೆ ತಿಂಗಳ ಅನ್ನ. ಉಷ್ಣತೆಯ ಮುಳ್ಳು ತಟ್ಟನೆ ಇಳಿದರೂ ಹಿಗ್ಗಬಾರದು. ನೀರೇ ಬತ್ತಿದಾಗ ಅದು ಸುಳ್ಳು ಹೇಳುವುದುಂಟು.

ಮುಳ್ಳು ಕೆಂಪಿಗೇರಿದೊಡನೆ ಕಾರನ್ನು ಬದಿಗೆ ತಂದು ಎಂಜಿನ್ನನ್ನು ಆರಿಸಬೇಕು. ರೇಡಿಯೇಟರಿನ ಮುಚ್ಚಳಕ್ಕೆ ಕೈಹಾಕಲೇಬಾರದು. ಅಡಿಗೆಮನೆಯ ಕುಕ್ಕರಿನಲ್ಲಿರುವಂತೆ, ಒತ್ತಡದಿಂದಾಗಿ ಅಲ್ಲಿಯ ನೀರು 100 ಡಿಗ್ರಿ ದಾಟಿಯೂ ಕುದಿಯದೆ ಇರುತ್ತದೆ. ಮುಚ್ಚಳ ಸಡಿಲಿಸಿದ ಕ್ಷಣವೇ ಉಗಿಯಾಗಿ ಚಿಮ್ಮುತ್ತದೆ. ಹಾಗೆ ಬೆಂದ ಮುಂಗೈಗಳನ್ನು ಕಂಡಿದ್ದೇನೆ. ಅರ್ಧ ಗಂಟೆಗೂ ಮಿಕ್ಕಿ ಕಾಯಬೇಕು. ಕಾದ ಎಂಜಿನ್ನಿಗೆ ತಣ್ಣೀರು ಹೊಯ್ದರೆ ಲೋಹ ಬಿರಿಯಬಹುದು.

ದುರಸ್ತಿಯ ನಂತರ ಕೂಲೆಂಟು ತುಂಬುವಾಗಲೂ ಆತುರ ಸಲ್ಲದು. ಒಳಗೆ ಗಾಳಿ ಸಿಕ್ಕಿಕೊಂಡರೆ ಎಂಜಿನ್ನು ಮತ್ತೆ ಕಾಯುತ್ತದೆ. ತಣ್ಣಗಿನ ಎಂಜಿನ್ನನ್ನು ಮುಚ್ಚಳ ತೆರೆದಿಟ್ಟೇ ಚಾಲೂ ಮಾಡಿ, ಗುಳ್ಳೆಗಳೇಳುವುದು ನಿಂತ ಮೇಲೆ ಇಳಿದಷ್ಟನ್ನು ತುಂಬಿ ಮುಚ್ಚಬೇಕು. ಕೂಲೆಂಟಿನಲ್ಲಿ ಸಾಮಾನ್ಯವಾಗಿರುವ ಎಥಿಲೀನ್ ಗ್ಲೈಕಾಲು ರುಚಿಗೆ ಸಿಹಿ, ಆದರೆ ವಿಷ. ನೆಲಕ್ಕೆ ಚೆಲ್ಲಿದ್ದನ್ನು ಬೀದಿನಾಯಿ ನೆಕ್ಕುವ ಮೊದಲೇ ತೊಳೆದುಬಿಡಬೇಕು.