ಹುಂಜದ ಜುಟ್ಟು, ಟಗರಿನ ಕಿಣ್ವ, ನಡುವೆ ತುಟಿ

ಹುಂಜದ ಜುಟ್ಟಿನಲ್ಲಿ ಮೂಳೆಯಿಲ್ಲ. ಆದರೂ ಅದು ಬಾಗದೆ, ಜೋಲದೆ ನೆಟ್ಟಗೆ ನಿಂತಿರುತ್ತದೆ. ಅದನ್ನು ಒಳಗಿನಿಂದ ಬಿಗಿಯಾಗಿ ಹಿಡಿದಿಡುವುದರಲ್ಲಿ ಹಯಲುರಾನಿಕ್ ಆಮ್ಲ ಎಂಬ ಲೋಳೆಯ ಪಾಲು ದೊಡ್ಡದು. ಚಿತ್ರದುರ್ಗ ಜಿಲ್ಲೆಯ ಹಿರಿಯೂರು ಕಡೆಯ ಹರಿಯಬ್ಬೆಯ ಹಟ್ಟಿಯಲ್ಲಿ ಬೆಳಗಿನ ಜಾವ ಕೂಗುವ ಹುಂಜಕ್ಕೂ ಬೆಂಗಳೂರಿನ ಕ್ಲಿನಿಕ್ಕಿನಲ್ಲಿ ತುಟಿ ತುಂಬಿಸಿಕೊಳ್ಳುವವರಿಗೂ ಇರುವ ನಂಟು ಇದೇ. ತುಟಿಗೆ ಚುಚ್ಚುವ ‘ಫಿಲ್ಲರ್’ ಎಂದರೆ ಬಹುಪಾಲು ಈ ಲೋಳೆಯೇ.

1934ರಲ್ಲಿ ಕಾರ್ಲ್ ಮೇಯರ್ ಮತ್ತು ಜಾನ್ ಪಾಮರ್ ಎಂಬ ವಿಜ್ಞಾನಿಗಳು ಇದನ್ನು ಮೊದಲು ಬೇರ್ಪಡಿಸಿದ್ದು ದನದ ಕಣ್ಣಿನಿಂದ. ಮುಂದೆ ಎಂಡ್ರೆ ಬಲಾಜ್ ಹುಂಜದ ಜುಟ್ಟಿನಿಂದ ಶುದ್ಧರೂಪದಲ್ಲಿ ತೆಗೆದು ಕಣ್ಣಿನ ಶಸ್ತ್ರಚಿಕಿತ್ಸೆಗೆ ಒದಗಿಸಿದರು. ಇಂದು ಕಾರ್ಖಾನೆಗಳಲ್ಲಿ ಬ್ಯಾಕ್ಟೀರಿಯಾಗಳೇ ಇದನ್ನು ತಯಾರಿಸಿಕೊಡುತ್ತವೆ. ಮಂಡಿ ಸವೆದ ಅಜ್ಜಿಗೆ ಡಾಕ್ಟರು ಕೀಲಿಗೆ ‘ಜೆಲ್ ಇಂಜೆಕ್ಷನ್’ ಕೊಟ್ಟಿದ್ದರೆ ಅದೂ ಇದೇ ವಸ್ತು; ಮೊಮ್ಮಗಳು ತುಟಿಗೆ ಕೇಳುವುದೂ ಇದನ್ನೇ. 70 ಕಿಲೋ ತೂಕದ ಮನುಷ್ಯನ ಮೈಯಲ್ಲಿ ಇದು ಸಹಜವಾಗಿಯೇ ಸುಮಾರು 15 ಗ್ರಾಂನಷ್ಟು ಇರುತ್ತದೆ. ಅದರಲ್ಲಿ ಮೂರನೇ ಒಂದು ಪಾಲು ದಿನವೂ ಕರಗಿ, ದಿನವೂ ಹೊಸದಾಗಿ ಹುಟ್ಟುತ್ತದೆ.

ಹಾಗೆ ಕರಗುವ ವಸ್ತುವನ್ನು ಇದ್ದಂತೆಯೇ ತುಟಿಗೆ ಚುಚ್ಚಿದರೆ ಕೆಲವೇ ದಿನಗಳಲ್ಲಿ ಮಾಯ. ಆದ್ದರಿಂದ ರಸಾಯನಶಾಸ್ತ್ರಜ್ಞರು ಅದರ ಉದ್ದನೆಯ ಎಳೆಗಳನ್ನು ಅಲ್ಲಲ್ಲಿ ಒಂದಕ್ಕೊಂದು ಗಂಟುಹಾಕಿ ಮೀನಿನ ಬಲೆಯಂತೆ ಮಾಡುತ್ತಾರೆ. ಬಲೆ ನೀರು ಹಿಡಿದುಕೊಳ್ಳುತ್ತದೆ, ಬೇಗ ಹರಿಯುವುದಿಲ್ಲ. ಸ್ವೀಡನ್ನಿನ ರೆಸ್ಟಿಲೇನ್ ಈ ಬಗೆಯ ಜೆಲ್ ಆಗಿ 1996ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2003ರಲ್ಲಿ ಅದನ್ನು ಮುಖದ ಸುಕ್ಕಿಗೆ, 2011ರಲ್ಲಿ ತುಟಿಗೆ ಒಪ್ಪಿತು. ತುಟಿ ಸದಾ ಆಡುವ ಅಂಗವಾದ್ದರಿಂದ ತುಂಬಿಸಿದ ಆಕಾರ ಸಾಮಾನ್ಯವಾಗಿ ಆರು ತಿಂಗಳಿಂದ ಒಂದು ವರ್ಷ ನಿಲ್ಲುತ್ತದೆ. ಬೇಕೆಂದರೆ ಮತ್ತೆ ಚುಚ್ಚಿಸಿಕೊಳ್ಳಬೇಕು, ಮತ್ತೆ ದುಡ್ಡು ಎಣಿಸಬೇಕು.

ಜೆಲ್ ಹೋಗಿ ಕೂರುವ ಜಾಗ ಎಂಥದ್ದು ಎಂಬುದನ್ನು ಮಾತ್ರ ಜಾಹೀರಾತುಗಳು ಹೇಳುವುದಿಲ್ಲ.

ಮುಖದ ಉಳಿದ ಚರ್ಮದ ಹೊರಪದರದಲ್ಲಿ ಜೀವಕೋಶಗಳು ಹದಿನೈದು ಹದಿನಾರು ಸಾಲು ಇದ್ದರೆ ತುಟಿಯಲ್ಲಿ ಮೂರರಿಂದ ಐದು ಸಾಲು. ಕೂದಲಿಲ್ಲ, ಬೆವರು ಗ್ರಂಥಿಯಿಲ್ಲ. ಒಳಗಿನ ರಕ್ತದ ಬಣ್ಣ ಹೊರಗೆ ಕಾಣುವುದು ಈ ತೆಳುವಿನಿಂದಲೇ. ನಮ್ಮ ಕಡೆಯವರ ತುಟಿಯಲ್ಲಿ ಅದರ ಜೊತೆಗೆ ಮೆಲನಿನ್ನಿನ ಕಂದೂ ಸೇರುತ್ತದೆ. ಚರ್ಮದ ಕೆಳಗೆ ಬಾಯಿಯ ಸುತ್ತ ಹಬ್ಬಿದ ಸ್ನಾಯುವಿದೆ. ಅದನ್ನು ಒಂದೇ ಬಳೆ ಎಂದು ತಿಳಿದಿದ್ದ ಕಾಲವಿತ್ತು. ಈಗ ಅದು ನಾಲ್ಕು ಭಾಗಗಳ ನಾರುಗಳು ಒಂದರೊಳಗೊಂದು ಹೆಣೆದುಕೊಂಡ ರಚನೆ ಎಂದು ಗೊತ್ತಾಗಿದೆ. ಪ, ಬ, ಮ ಅನ್ನಲು, ಪೀಪಿ ಊದಲು, ಬಿಸಿ ಕಾಫಿ ಹೀರಲು ಇದೇ ಬೇಕು. ಈ ಸ್ನಾಯುವಿಗೂ ಬಾಯೊಳಗಿನ ತೇವದ ಪದರಕ್ಕೂ ನಡುವೆ, ಸುಮಾರು ಒಂದು ಮಿಲಿಮೀಟರ್ ಅಗಲದ ಅಪಧಮನಿ ಮೇಲೊಂದು ಕೆಳಗೊಂದು ಹರಿಯುತ್ತದೆ. ಕೈ ತೊಳೆದುಕೊಂಡು ಕೆಳತುಟಿಯನ್ನು ಹೆಬ್ಬೆರಳು ತೋರುಬೆರಳುಗಳ ನಡುವೆ ಮೆಲ್ಲಗೆ ಹಿಡಿದು, ಒಂದು ಬೆರಳು ಬಾಯೊಳಗಿರುವಂತೆ, ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದರ ಮಿಡಿತ ಬೆರಳಿಗೆ ಸಿಗುತ್ತದೆ. ಈ ಕೊಳವೆ ಎಲ್ಲರಲ್ಲೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಕೆಲವರಲ್ಲಿ ಸ್ನಾಯುವಿನ ಒಳಗೇ ನುಸುಳಿರುತ್ತದೆ, ಕೆಲವರಲ್ಲಿ ಚರ್ಮಕ್ಕೆ ಹತ್ತಿರವಿರುತ್ತದೆ.

ಸೂಜಿಯ ತುದಿ ಅದರೊಳಗೆ ಹೋಗಿ ಜೆಲ್ ರಕ್ತನಾಳಕ್ಕೆ ನುಗ್ಗಿದರೆ ಮುಂದಿನ ಭಾಗಕ್ಕೆ ರಕ್ತ ನಿಲ್ಲುತ್ತದೆ. ಅಪರೂಪದ ಅಪಾಯ, ಆದರೆ ಗುರುತು ಸ್ಪಷ್ಟ: ತುಟಿಯ ಒಂದು ಪಾಲು ಬಿಳಿಚುತ್ತದೆ, ಆಮೇಲೆ ನೀಲಿಗಟ್ಟಿದ ಜಾಲದಂಥ ಕಲೆ ಮೂಡುತ್ತದೆ, ನೋವು ಕಡಿಮೆಯಾಗುವ ಬದಲು ಏರುತ್ತದೆ. ಒತ್ತಿ ಬಿಟ್ಟಾಗ ಬಣ್ಣ ಒಂದೆರಡು ಸೆಕೆಂಡಿನಲ್ಲಿ ಮರಳಬೇಕು. ತಡವಾದರೆ ಕೆಟ್ಟ ಸೂಚನೆ. ಹಾಗೇ ಬಿಟ್ಟರೆ ಆ ತುಣುಕು ಸತ್ತು ಕಪ್ಪಾಗುತ್ತದೆ. ತೀರಾ ವಿರಳವಾಗಿ ಜೆಲ್ ಕಣ್ಣಿನ ರಕ್ತನಾಳಕ್ಕೆ ತಲುಪಿ ದೃಷ್ಟಿ ಹೋದ ಪ್ರಕರಣಗಳೂ ವೈದ್ಯಕೀಯ ದಾಖಲೆಯಲ್ಲಿವೆ.

ಇಲ್ಲಿ ಟಗರು ಬರುತ್ತದೆ.

ಹಯಲುರಾನಿಕ್ ಆಮ್ಲವನ್ನು ಕತ್ತರಿಸುವ ಕಿಣ್ವದ ಹೆಸರು ಹಯಲುರಾನಿಡೇಸ್. 1928ರಲ್ಲಿ ಡುರಾನ್-ರೆನಾಲ್ಸ್ ಎಂಬ ವಿಜ್ಞಾನಿ ಪ್ರಾಣಿಗಳ ವೃಷಣದ ರಸದಲ್ಲಿ ಇದರ ಪ್ರಭಾವವನ್ನು ಕಂಡರು: ಚರ್ಮದಡಿ ಚುಚ್ಚಿದ್ದೆಲ್ಲ ಇದರ ಜೊತೆಗಿದ್ದರೆ ಸರಸರ ಹರಡುತ್ತಿತ್ತು. ವೀರ್ಯಾಣು ಅಂಡದ ಸುತ್ತಲಿನ ಲೋಳೆಯನ್ನು ಸೀಳಿಕೊಂಡು ಹೋಗಲು ಇದು ನೆರವಾಗುತ್ತದೆ. ಮಂಡಲದ ಹಾವಿನ ವಿಷದಲ್ಲಿ ಇದಿದೆ, ಜೇನಿನ ವಿಷದಲ್ಲೂ ಇದೆ. ಕಚ್ಚಿದ ಜಾಗದಿಂದ ವಿಷ ಸುತ್ತ ಹಬ್ಬಲು ದಾರಿ ಬಿಡಿಸುವುದು ಇದರ ಕೆಲಸ. ಔಷಧಿಯಾಗಿ ಬಹುಕಾಲ ಇದನ್ನು ತೆಗೆದದ್ದು ಟಗರು ಮತ್ತು ಹೋರಿಯ ವೃಷಣಗಳಿಂದ, ಈಗ ಪ್ರಯೋಗಾಲಯದ ಜೀವಕೋಶಗಳಿಂದಲೂ ತಯಾರಾಗುತ್ತದೆ. ಕುರಿಮಂದೆಗಳ ಸೀಮೆಯಾದ ಹಿರಿಯೂರಿನವರಿಗೆ ಇದನ್ನು ಕೇಳಿ ನಗು ಬಂದೀತು. ಆದರೆ ಮುಚ್ಚಿಹೋದ ನಾಳವನ್ನು ಬಿಡಿಸುವ ಮುಖ್ಯ ಮದ್ದು ಇದೇ, ಅದೂ ಕೆಲವು ಗಂಟೆಗಳೊಳಗೆ, ಧಾರಾಳವಾಗಿ ಕೊಟ್ಟರೆ.

ಜೇನು ಕಚ್ಚಿ ಮೈಯೆಲ್ಲ ದದ್ದೆದ್ದು ಉಸಿರು ಸಿಕ್ಕಿಕೊಂಡ ಅನುಭವ ಇದ್ದವರು ಅದನ್ನು ಮೊದಲೇ ಹೇಳಬೇಕು. ಅವರಿಗೆ ಈ ಮದ್ದೂ ಅಲರ್ಜಿ ತರಬಹುದು. ಕ್ಲಿನಿಕ್ಕಿನ ಅರ್ಜಿಯಲ್ಲಿ ಆ ಪ್ರಶ್ನೆ ಇಲ್ಲದಿದ್ದರೂ ಹೇಳಬೇಕು.

ಆಕಾರ ಹಿಡಿಸದಿದ್ದಾಗ ಕರಗಿಸುವುದೂ ಇದರಿಂದಲೇ. ನಟಿ ಉರ್ಫಿ ಜಾವೇದ್ 2025ರ ಜುಲೈನಲ್ಲಿ ತಮ್ಮ ತುಟಿಯ ಫಿಲ್ಲರನ್ನು ಕರಗಿಸಿಕೊಂಡು, ಊದಿಹೋದ ಮುಖದ ವಿಡಿಯೊವನ್ನು ತಾವೇ ಹಾಕಿದರು. ಅಷ್ಟು ಜನ ನೋಡುವ ಕಡೆ ಅದನ್ನು ಬಚ್ಚಿಡದೆ ತೋರಿಸಿದ್ದು ದೊಡ್ಡ ಉಪಕಾರ. ‘ಹೋಗಿ ಬಂದರೆ ಆಯಿತು’ ಎಂಬ ಭ್ರಮೆಯನ್ನು ಹತ್ತು ಎಚ್ಚರಿಕೆಯ ಲೇಖನಗಳಿಗಿಂತ ಅದು ಚೆನ್ನಾಗಿ ಒಡೆಯಿತು.

ಜೆಲ್ ಒಂದೇ ದಾರಿಯಲ್ಲ. ಮೇಲ್ತುಟಿಯ ಸ್ನಾಯುವಿಗೆ ಕೆಲವೇ ಯೂನಿಟ್ ಬೊಟಾಕ್ಸ್ ಕೊಟ್ಟರೆ ಅದು ಸಡಿಲಗೊಂಡು ತುಟಿಯಂಚು ತುಸು ಹೊರಳುತ್ತದೆ. ಎರಡು ಮೂರು ತಿಂಗಳ ಆಟ ಅದು, ಅಷ್ಟು ದಿನ ಸ್ಟ್ರಾದಲ್ಲಿ ಎಳನೀರು ಹೀರುವುದು, ಸಿಳ್ಳೆ ಹಾಕುವುದು ಕಷ್ಟವಾದೀತು. ಮೂಗಿನ ಬುಡದಲ್ಲಿ ಚರ್ಮದ ಪಟ್ಟಿ ಕತ್ತರಿಸಿ ಮೇಲ್ತುಟಿಯನ್ನು ಎತ್ತುವ ಶಸ್ತ್ರಚಿಕಿತ್ಸೆ ಶಾಶ್ವತ, ಅದರ ಕಲೆಯೂ ಶಾಶ್ವತ. ಕಂದು ಚರ್ಮದಲ್ಲಿ ಗಾಯ ಉಬ್ಬಿ ಮಾಯುವ ಸಂಭವ ಹೆಚ್ಚು. ಕಿವಿ ಚುಚ್ಚಿಸಿದ ಜಾಗ ಗಂಟುಕಟ್ಟಿದವರು ಇದರ ತಂಟೆಗೆ ಹೋಗದಿರುವುದೇ ಮೇಲು. ದಪ್ಪ ತುಟಿ ಸಣ್ಣದಾಗಬೇಕು ಎನ್ನುವವರಿಗೆ ಒಳಬದಿಯ ತೇವದ ಪದರದಿಂದ ಒಂದು ಹೋಳು ತೆಗೆದು ಹೊಲಿಯುತ್ತಾರೆ. ಕಲೆ ಬಾಯೊಳಗೆ ಅಡಗುತ್ತದೆ, ಆದರೆ ತೆಗೆದದ್ದನ್ನು ಮರಳಿ ಇಡಲಾಗದು. ಸ್ವಂತ ಕೊಬ್ಬನ್ನೇ ಹೊಟ್ಟೆಯಿಂದ ತೆಗೆದು ತುಟಿಗೆ ತುಂಬುವುದೂ ಉಂಟು. ಎಷ್ಟು ಉಳಿಯುತ್ತದೆ ಎಂಬುದಕ್ಕೆ ಖಾತರಿ ಇಲ್ಲ. ದ್ರವ ಸಿಲಿಕೋನ್ ಮಾತ್ರ ಬೇಡವೇ ಬೇಡ. ಶಾಶ್ವತವಾಗಿ ತುಂಬುವ ಆಸೆ ಹಳೆಯದು: 1899ರಲ್ಲಿ ವಿಯೆನ್ನಾದ ರಾಬರ್ಟ್ ಗೆರ್ಸುನಿ ಎಂಬ ಶಸ್ತ್ರವೈದ್ಯ ಮೇಣದಂಥ ಪ್ಯಾರಾಫಿನ್ ಚುಚ್ಚುವುದನ್ನು ಶುರುಮಾಡಿದರು. ಕೆಲ ವರ್ಷಗಳಲ್ಲೇ ಅದು ಜಾರಿ, ಗಂಟುಕಟ್ಟಿ, ಜನರ ಮುಖ ಕೆಡಿಸಿತು. ಸಿಲಿಕೋನ್ ಅದೇ ಪಾಠವನ್ನು ಮತ್ತೊಮ್ಮೆ ಕಲಿಸಿದೆ. ಸೂಜಿಯಿಲ್ಲದೆ ಒತ್ತಡದಿಂದ ಜೆಲ್ ನುಗ್ಗಿಸುವ ‘ಹಯಲುರಾನ್ ಪೆನ್’ ಬಗ್ಗೆಯೂ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2021ರ ಅಕ್ಟೋಬರಿನಲ್ಲಿ ಎಚ್ಚರಿಸಿತು.

ಇಷ್ಟೆಲ್ಲಕ್ಕೂ ಮೊದಲು ಒಮ್ಮೆ ಹಲ್ಲಿನ ಡಾಕ್ಟರ ಬಳಿ ಹೋಗುವುದು ಒಳ್ಳೆಯದು. ತುಟಿಗೆ ಹಿಂದಿನಿಂದ ಆನಿಕೆ ಕೊಡುವುದು ಹಲ್ಲು. ಉಬ್ಬುಹಲ್ಲಿದ್ದರೆ ತುಟಿ ದಪ್ಪಗೆ ಕಾಣುತ್ತದೆ, ಹಲ್ಲು ಉದುರಿದರೆ ತುಟಿ ಒಳಗೆ ಮಡಚಿಕೊಳ್ಳುತ್ತದೆ. ಚಿತ್ರದುರ್ಗ ಜಿಲ್ಲೆಯ ಅನೇಕ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನಲ್ಲಿ ಕಂದು ಪಟ್ಟೆ ಮೂಡುತ್ತದೆ. ಆ ಹಲ್ಲು ಕಾಣಬಾರದೆಂದು ತುಟಿ ಬಿಗಿಹಿಡಿದು ನಗುವುದನ್ನು ಅಭ್ಯಾಸ ಮಾಡಿಕೊಂಡವರು ತಮ್ಮ ತುಟಿಯೇ ಚೆನ್ನಾಗಿಲ್ಲವೆಂದು ನಂಬಿರಬಹುದು. ಅಂಥವರಿಗೆ ಬೇಕಾದದ್ದು ಹಲ್ಲಿನ ಚಿಕಿತ್ಸೆ. ಬಿಸಿಲಿನಲ್ಲಿ ದುಡಿಯುವವರ ಕೆಳತುಟಿಯಲ್ಲಿ ಮಾಯದ ಬಿರುಕು, ಎಲೆಅಡಿಕೆ ಹೊಗೆಸೊಪ್ಪು ಹಾಕುವವರ ಬಾಯಲ್ಲಿ ಬಿಳಿ ತೇಪೆ ಇದ್ದರೆ ಅದು ಅಂದದ ವಿಷಯವೇ ಅಲ್ಲ, ತಡಮಾಡದೆ ತೋರಿಸಬೇಕು.

ಸೀಳುತುಟಿಯದು ಬೇರೆಯೇ ಲೆಕ್ಕ. ಗ್ರಹಣದ ಹೊತ್ತಿನಲ್ಲಿ ಬಸುರಿ ತರಕಾರಿ ಹೆಚ್ಚಿದ್ದಕ್ಕೆ ಹೀಗಾಯಿತು ಎಂದು ತಾಯಿಯನ್ನು ದೂರುವ ಮನೆಗಳು ಇನ್ನೂ ಇವೆ. ಗರ್ಭದ ಮೊದಲ ಎರಡು ತಿಂಗಳೊಳಗೆ ಮೇಲ್ತುಟಿಯಾಗಬೇಕಾದ ಮುಖದ ಭಾಗಗಳು ಒಂದಕ್ಕೊಂದು ಕೂಡಿಕೊಳ್ಳದಿರುವುದು ಅದರ ಕಾರಣ. ಗ್ರಹಣಕ್ಕೂ ಈಳಿಗೆಗೂ ಸಂಬಂಧವಿಲ್ಲ. ಮಗುವಿಗೆ ಮೂರು ತಿಂಗಳಾಗುವ ಹೊತ್ತಿಗೆ, ತೂಕ ಮತ್ತು ರಕ್ತದ ಮಟ್ಟ ನೋಡಿಕೊಂಡು ಹೊಲಿಯುತ್ತಾರೆ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಸೀಳುತುಟಿ ಇದೆ, ಚಿಕಿತ್ಸೆ ಉಚಿತ. ಆಶಾ ಕಾರ್ಯಕರ್ತೆಗೆ ತಿಳಿಸಿದರೆ ದಾರಿ ತೆರೆಯುತ್ತದೆ.

ಅಂದಕ್ಕಾಗಿ ಹೋಗುವವರಿಗೆ ಹಾಗೆ ಸರ್ಕಾರ ದಾರಿ ತೋರುವುದಿಲ್ಲ, ತಾವೇ ವಿಚಾರಿಸಬೇಕು. ಖಾಸಗಿ ಕ್ಲಿನಿಕ್ಕಿಗೆ ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಇರಬೇಕು. ಗೋಡೆಯ ಮೇಲೆ ಅದರ ಪ್ರಮಾಣಪತ್ರ ಕಾಣದಿದ್ದರೆ ಕೇಳಬೇಕು. ಯೂಟ್ಯೂಬ್ ನೋಡಿ ಅಥವಾ ಒಂದು ಕಾರ್ಯಾಗಾರದಲ್ಲಿ ಕೂತು ಬಂದರೆ ಅದು ತರಬೇತಿಯಾಗದು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಬರೆದೇ ಹೇಳಿತು. ಬ್ಯೂಟಿ ಪಾರ್ಲರಿನ ಕುರ್ಚಿ ಇದಕ್ಕೆ ಜಾಗವಲ್ಲ. ಸಿರಿಂಜಿನ ಡಬ್ಬಿ ಕಣ್ಣೆದುರೇ ಒಡೆಯಬೇಕು, ಬ್ಯಾಚ್ ಸಂಖ್ಯೆಯ ಚೀಟಿ ಕೈಗೆ ಸಿಗಬೇಕು. ಜ್ವರ ಬಿಟ್ಟಾಗ ತುಟಿಯಂಚಿನಲ್ಲಿ ನೀರುಗುಳ್ಳೆ ಏಳುವ ಚಾಳಿ, ರಕ್ತ ತೆಳುವಾಗಿಸುವ ಮಾತ್ರೆ, ಬಸಿರು ಇವನ್ನೆಲ್ಲ ಮೊದಲೇ ಹೇಳಬೇಕು. ಮನೆಯವರಿಗೂ ತಿಳಿಸಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್‌ಗೆ ಆಗ 21 ವರ್ಷ. ಹೆತ್ತವರಿಗೆ ತಿಳಿಸದೆ ಆಸ್ಪತ್ರೆಗೆ ಹೋಗಿದ್ದರೆಂದು ವರದಿಯಾಗಿತ್ತು. ಅದು ತುಟಿಯ ವಿಷಯವಲ್ಲ, ಆದರೂ ಗುಟ್ಟಿನಲ್ಲಿ ಹೋಗುವವರು ನೆನೆಯಬೇಕಾದದ್ದು.

ಉಳಿದದ್ದು ದೂರದ ಪ್ರಶ್ನೆ. ಬೆಂಗಳೂರಿನಿಂದ ಹಿರಿಯೂರಿಗೇ ಸುಮಾರು 160 ಕಿಲೋಮೀಟರು. ಹರಿಯಬ್ಬೆಗೆ ಅಲ್ಲಿಂದ ಇನ್ನೊಂದು ಬಸ್ಸು. ಮಧ್ಯಾಹ್ನ ಚುಚ್ಚಿಸಿಕೊಂಡು ಸಂಜೆಯ ಬಸ್ಸು ಹತ್ತಿದವರ ತುಟಿ ಶಿರಾದ ಹತ್ತಿರ ಬಿಳಿಚಿದರೆ, ಕರಗಿಸುವ ಮದ್ದು ಹಿಂದೆಯೇ ಉಳಿದಿರುತ್ತದೆ. ಆದ್ದರಿಂದ ದುಡ್ಡು ಕಟ್ಟುವ ಮೊದಲು ಕೇಳಬೇಕಾದದ್ದು ಎರಡೇ: ಹಯಲುರಾನಿಡೇಸ್ ಈಗ, ಇಲ್ಲಿ, ನಿಮ್ಮ ಫ್ರಿಜ್ಜಿನಲ್ಲಿ ಇದೆಯೇ? ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರೆ ಎತ್ತುವವರು ಯಾರು? ಎರಡಕ್ಕೂ ನೇರ ಉತ್ತರ ಸಿಕ್ಕಿದ ಮೇಲೂ ಆ ರಾತ್ರಿ ಬೆಂಗಳೂರಿನಲ್ಲೇ ನೆಂಟರ ಮನೆಯಲ್ಲಿ ಉಳಿದು, ಮರುದಿನ ಡಾಕ್ಟರಿಗೆ ಮುಖ ತೋರಿಸಿಯೇ ಊರಿನ ಬಸ್ಸು ಹತ್ತಿ.